ಪಾಸ್‌ವರ್ಡ್ ಇಲ್ಲದೆ ಲಾಗಿನ್: ಪಾಸ್‌ಕೀ, ಭದ್ರತಾ ಕೀಲಿ, ಓಟಿಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜಿಮೇಲ್, ವಾಟ್ಸಾಪ್, ಮೈಕ್ರೋಸಾಫ್ಟ್, ಆ್ಯಪಲ್ ಖಾತೆಗಳನ್ನು ದಿನವೂ ಬಳಸುವವರಿಗಾಗಿ ಈ ಪುಟ. ಓದುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಿ: ಇವತ್ತು ಸಂಜೆ ಬಸ್ಸಿನಲ್ಲಿ ಫೋನ್ ಕಳೆದುಹೋದರೆ ನಾಳೆ ಬೆಳಿಗ್ಗೆ ನಿಮ್ಮ ಇಮೇಲ್ ತೆರೆಯುವುದು ಹೇಗೆ? ಇದಕ್ಕೆ ನಿಮ್ಮ ಹತ್ತಿರ ಉತ್ತರ ಇಲ್ಲದಿದ್ದರೆ ಎಂಥ ಹೊಸ ತಂತ್ರಜ್ಞಾನ ಹಾಕಿಕೊಂಡರೂ ಅದು ಅರ್ಧ ಕೆಲಸ.

ಗಟ್ಟಿಯಾದ ಪಾಸ್‌ವರ್ಡ್ ಇಟ್ಟುಕೊಂಡಿದ್ದೇನೆ. ಅಷ್ಟು ಸಾಲದೇ?

ಊಹಿಸಿ ಒಳನುಗ್ಗುವವರ ಮಟ್ಟಿಗೆ ಸಾಕು. ಉಳಿದ ಎರಡು ದಾರಿಗಳಿಗೆ ಅದು ಅಡ್ಡ ಬರುವುದಿಲ್ಲ. ಪಾಸ್‌ವರ್ಡ್ ಎಂಬುದು ಇಬ್ಬರಿಗೆ ಗೊತ್ತಿರುವ ಗುಟ್ಟು. ನಿಮಗೂ ಗೊತ್ತು, ಆ ಜಾಲತಾಣಕ್ಕೂ ಗೊತ್ತು. ಜಾಲತಾಣದ ಕಡೆಯಿಂದ ಸೋರಿದರೆ ನಿಮ್ಮ ಎಚ್ಚರ ಏನೂ ಮಾಡಲಾರದು. ನಕಲಿ ಪುಟದಲ್ಲಿ ನೀವೇ ಟೈಪ್ ಮಾಡಿದರಂತೂ 8 ಅಕ್ಷರವಾದರೇನು, 28 ಆದರೇನು, ಕಳ್ಳನಿಗೆ ಪೂರ್ತಿ ಸಿಗುತ್ತದೆ.

ಈ ದೌರ್ಬಲ್ಯ ಹೊಸದಲ್ಲ. ಕಂಪ್ಯೂಟರ್‌ಗೆ ಪಾಸ್‌ವರ್ಡ್ ಬಂದದ್ದು 1960ರ ದಶಕದ ಆರಂಭದಲ್ಲಿ, ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಅವರ ತಂಡ ಕಟ್ಟಿದ, ಹಲವರು ಒಂದೇ ಕಂಪ್ಯೂಟರನ್ನು ಹಂಚಿಕೊಂಡು ಬಳಸುವ ಸಿಟಿಎಸ್‌ಎಸ್ ವ್ಯವಸ್ಥೆಯಲ್ಲಿ. 1962ರಲ್ಲೇ ಅಲ್ಲಿನ ಸಂಶೋಧಕ ಅಲನ್ ಶೆರ್ ತನಗೆ ಇನ್ನಷ್ಟು ಕಂಪ್ಯೂಟರ್ ಸಮಯ ಬೇಕೆಂದು ಪಾಸ್‌ವರ್ಡ್‌ಗಳ ಇಡೀ ಪಟ್ಟಿಯನ್ನೇ ಮುದ್ರಿಸಿ ತೆಗೆದುಕೊಂಡಿದ್ದರು. ಗುಟ್ಟೆಲ್ಲ ಒಂದೇ ಕಡೆ ರಾಶಿ ಬಿದ್ದಿದ್ದರೆ ರಾಶಿಯೇ ಕಳುವಾಗುತ್ತದೆ.

ಪಾಸ್‌ಕೀ ಅಂದರೆ ಏನು? ಇನ್ನೊಂದು ಬಗೆಯ ಪಾಸ್‌ವರ್ಡ್ ತಾನೆ?

ಅಲ್ಲ. ಪಾಸ್‌ಕೀಯಲ್ಲಿ ಹಂಚಿಕೊಂಡ ಗುಟ್ಟೇ ಇರುವುದಿಲ್ಲ. ನೀವು ಪಾಸ್‌ಕೀ ಮಾಡಿಕೊಂಡಾಗ ನಿಮ್ಮ ಫೋನ್ ಒಂದು ಜೋಡಿಯನ್ನು ತಯಾರಿಸುತ್ತದೆ. ಒಂದನ್ನು ಬೀಗ ಅನ್ನಿ, ಇನ್ನೊಂದನ್ನು ಬೀಗದಕೈ ಅನ್ನಿ. ಬೀಗ ಜಾಲತಾಣಕ್ಕೆ ಹೋಗುತ್ತದೆ, ಬೀಗದಕೈ ನಿಮ್ಮ ಕಡೆಯೇ ಉಳಿಯುತ್ತದೆ. ಲಾಗಿನ್ ಆಗುವಾಗ ಜಾಲತಾಣ ಪ್ರತಿಸಲವೂ ಹೊಸದೊಂದು ಸಂಖ್ಯೆ ಕಳಿಸಿ, ‘ಇದಕ್ಕೆ ರುಜು ಹಾಕಿ ಕೊಡು’ ಎನ್ನುತ್ತದೆ. ಫೋನ್ ನಿಮ್ಮ ಬೆರಳನ್ನೋ ಮುಖವನ್ನೋ ಪಿನ್ನನ್ನೋ ಕೇಳಿ, ನೀವೇ ಎಂದು ಖಾತ್ರಿಯಾದ ಮೇಲೆ ರುಜು ಹಾಕುತ್ತದೆ. ಆ ರುಜು ಸರಿಯೇ ಎಂದು ನೋಡಲು ಜಾಲತಾಣದ ಹತ್ತಿರ ಇರುವ ಬೀಗ ಸಾಕು. ರುಜು ಹಾಕಲು ಮಾತ್ರ ಅದು ಸಾಲದು. ಹಾಗಾಗಿ ಜಾಲತಾಣದ ದತ್ತಾಂಶವೆಲ್ಲ ಸೋರಿದರೂ ಕಳ್ಳರ ಕೈಗೆ ಸಿಗುವುದು ಬರೀ ಬೀಗಗಳು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಪ್ರತಿ ಪಾಸ್‌ಕೀಯೂ ಒಂದು ಜಾಲತಾಣದ ವಿಳಾಸಕ್ಕೆ ಕಟ್ಟಿಹಾಕಿಕೊಂಡಿರುತ್ತದೆ. ‘ಇವತ್ತು ರಾತ್ರಿ ನಿಮ್ಮ ಮನೆ ಕರೆಂಟ್ ಕಟ್ ಆಗುತ್ತದೆ, ಇಲ್ಲಿ ಒತ್ತಿ’ ಎಂಬ ಸಂದೇಶ ನಂಬಿ ನಕಲಿ ಪುಟಕ್ಕೆ ಹೋದರೂ ಅಲ್ಲಿ ಪಾಸ್‌ಕೀ ಕಾಣಿಸಿಕೊಳ್ಳುವುದೇ ಇಲ್ಲ. ವಿಳಾಸದಲ್ಲಿ ಒಂದು ಅಕ್ಷರ ಬೇರೆಯಾದರೂ ಬ್ರೌಸರ್ ಒಪ್ಪದು. ಕಣ್ಣು ಮೋಸ ಹೋಗಬಹುದು, ಈ ತಾಳೆ ನೋಡುವ ಕೆಲಸ ಕಣ್ಣಿನದಲ್ಲ.

ಇದರ ಹಿಂದಿರುವುದು ಫಿಡೊ ಅಲಯನ್ಸ್ ಎಂಬ ಕಂಪನಿಗಳ ಒಕ್ಕೂಟ ರೂಪಿಸಿದ ಮಾನದಂಡ. ಬ್ರೌಸರ್ ಕಡೆಯ ಭಾಗವಾದ ವೆಬ್‌ಆಥನ್ 2019ರ ಮಾರ್ಚ್‌ನಲ್ಲಿ ಅಧಿಕೃತವಾಯಿತು. 2022ರ ಮೇ ತಿಂಗಳಲ್ಲಿ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್ ಮೂರೂ ಒಟ್ಟಿಗೆ ಬೆಂಬಲ ಘೋಷಿಸಿದ ಮೇಲೆ ‘ಪಾಸ್‌ಕೀ’ ಎಂಬ ಹೆಸರು ಮನೆಮನೆಗೆ ಬಂತು.

ಹಾಗಾದರೆ ನನ್ನ ಬೆರಳಚ್ಚು ಗೂಗಲ್‌ಗೆ ಹೋಗುತ್ತದೆಯೇ?

ಹೋಗುವುದಿಲ್ಲ. ಬೆರಳು ತೆರೆಯುವುದು ಫೋನ್ ಒಳಗಿನ ಪೆಟ್ಟಿಗೆಯನ್ನು ಮಾತ್ರ. ಹೊರಗೆ ಹೋಗುವುದು ರುಜು. ಬೆರಳಿನ ಗುರುತು ಫೋನಿನ ಪ್ರತ್ಯೇಕ ಸುರಕ್ಷಿತ ಭಾಗದಲ್ಲೇ ಉಳಿಯುತ್ತದೆ.

ಈ ಅನುಮಾನ ನಮ್ಮಲ್ಲಿ ಹುಟ್ಟುವುದಕ್ಕೆ ಕಾರಣವಿದೆ. ಆಧಾರ್‌ನಲ್ಲಿ ಬೆರಳಚ್ಚು ಕೇಂದ್ರದ ಭಂಡಾರದಲ್ಲಿದ್ದು, ಅದರೊಂದಿಗೆ ಹೋಲಿಸಿ ನೋಡಲಾಗುತ್ತದೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚನ್ನು ನಕಲು ಮಾಡಿ, ಆಧಾರ್ ಆಧಾರಿತ ಪಾವತಿಯ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದ ದೂರುಗಳು ಬಂದವು. ಪಾಸ್‌ಕೀಗೆ ಆ ಅಪಾಯ ಹಾಗೇ ತಗಲುವುದಿಲ್ಲ: ಬೆರಳಚ್ಚಿನ ನಕಲು ಇದ್ದರೂ ನಿಮ್ಮದೇ ಫೋನ್ ಕೈಯಲ್ಲಿರಬೇಕು. ಆಧಾರ್ ವಿಷಯದಲ್ಲಿ ನೀವು ಮಾಡಬೇಕಾದದ್ದು ಬೇರೆ. ಆಧಾರ್ ನೀಡುವ ಯುಐಡಿಎಐ ಸಂಸ್ಥೆಯ ಆ್ಯಪ್ ಅಥವಾ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿ. ಪಡಿತರಕ್ಕೋ ಸಿಮ್‌ಗೋ ಬೆರಳು ಕೊಡಬೇಕಾದ ದಿನ ತಾತ್ಕಾಲಿಕವಾಗಿ ತೆಗೆಯಬಹುದು.

ಅಮ್ಮನ ಬೆರಳು ಫೋನ್‌ನಲ್ಲಿ ಓದುವುದೇ ಇಲ್ಲ. ಪಾಸ್‌ಕೀ ಅವರಿಗೆ ಆಗುವುದಿಲ್ಲವೇ?

ಆಗುತ್ತದೆ. ಪಾಸ್‌ಕೀಗೆ ಬೇಕಾದದ್ದು ಫೋನಿನ ಸ್ಕ್ರೀನ್ ಲಾಕ್. ಪಿನ್ ಇದ್ದರೂ ಸಾಕು. ಹೊಲದ ಕೆಲಸ, ಪಾತ್ರೆ, ಸುಣ್ಣ, ಸಿಮೆಂಟು, ವಯಸ್ಸು ಇವೆಲ್ಲ ಬೆರಳಿನ ಗೆರೆಗಳನ್ನು ಸವೆಸುತ್ತವೆ. ಒಣಗಿದ ಚರ್ಮವೂ ಒದ್ದೆ ಕೈಯೂ ಓದುವುದಿಲ್ಲ. ಕಡಿಮೆ ಸವೆದಿರುವ ಬೆರಳನ್ನು, ಬಲಗೈಯವರಾದರೆ ಎಡಗೈ ಉಂಗುರ ಬೆರಳನ್ನು, ಪ್ರಯತ್ನಿಸಿ. ಒಂದೇ ಬೆರಳನ್ನು ಎರಡು ಸಲ ಬೇರೆ ಬೇರೆ ಕೋನದಲ್ಲಿ ನೋಂದಾಯಿಸಿದರೂ ಅನುಕೂಲ. ಆಗಲೂ ಓದದಿದ್ದರೆ 6 ಅಂಕಿಯ ಪಿನ್ ಇಡಿ, ಒದ್ದಾಡಬೇಡಿ. ಹುಟ್ಟಿದ ವರ್ಷ, ಮನೆ ನಂಬರು, ಗಾಡಿ ನಂಬರು ಮಾತ್ರ ಬೇಡ.

ನನ್ನ ಫೋನ್‌ನಲ್ಲಿ ಮಗನ ಬೆರಳೂ ಇದೆ. ತೊಂದರೆಯೇ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಬಹಳ. ಫೋನ್‌ನಲ್ಲಿ ಯಾರ ಬೆರಳು ನೋಂದಾಯಿತವೋ ಅವರೆಲ್ಲ ನಿಮ್ಮ ಪಾಸ್‌ಕೀ ಬಳಸಬಲ್ಲರು. ಪಿನ್ ಗೊತ್ತಿದ್ದವರು ತಮ್ಮ ಬೆರಳನ್ನು ತಾವೇ ಸೇರಿಸಿಕೊಳ್ಳಲೂ ಬಲ್ಲರು. ಮನೆಯವರ ಮೇಲೆ ಅನುಮಾನ ಪಡಿ ಎಂದು ಹೇಳುತ್ತಿಲ್ಲ. ಆದರೆ ಪಾಸ್‌ಕೀ ಮಾಡಿಕೊಂಡ ದಿನದಿಂದ ಆ ಬೆರಳು ಬರೀ ಫೋನ್ ತೆರೆಯುವುದಿಲ್ಲ, ಇಮೇಲ್ ತೆರೆಯುತ್ತದೆ, ಇಮೇಲ್ ಮೂಲಕ ಉಳಿದ ಖಾತೆಗಳನ್ನೂ ತೆರೆಯುತ್ತದೆ. ಮಕ್ಕಳಿಗೆ ಆಟಕ್ಕೆ ಫೋನ್ ಬೇಕಿದ್ದರೆ ನೀವೇ ತೆರೆದು ಕೊಡಿ. ಸೆಟ್ಟಿಂಗ್ಸ್‌ನ ಫಿಂಗರ್‌ಪ್ರಿಂಟ್ ಪಟ್ಟಿಯಲ್ಲಿ ‘ಫಿಂಗರ್ 3’ ಎಂದಷ್ಟೇ ಇರುವ ಅನಾಮಿಕ ಬೆರಳುಗಳನ್ನು ಅಳಿಸಿ, ಉಳಿದವಕ್ಕೆ ಹೆಸರಿಡಿ.

ಮುಖ ತೋರಿಸಿ ಫೋನ್ ತೆರೆಯುತ್ತೇನೆ. ಪಾಸ್‌ಕೀ ಆ ಮುಖವನ್ನು ಒಪ್ಪುತ್ತಿಲ್ಲ, ಏಕೆ?

ಎಲ್ಲ ಮುಖ ಗುರುತೂ ಒಂದೇ ಅಲ್ಲ. ಐಫೋನಿನ ಫೇಸ್ ಐಡಿ ಮುಖದ ಆಳವನ್ನೂ ಅಳೆಯುತ್ತದೆ. ಯಾರೋ ಅಪರಿಚಿತರ ಮುಖಕ್ಕೆ ಅದು ತೆರೆದುಕೊಳ್ಳುವ ಸಾಧ್ಯತೆ 10 ಲಕ್ಷದಲ್ಲಿ ಒಂದಕ್ಕಿಂತ ಕಡಿಮೆ, ಟಚ್ ಐಡಿಗೆ 50 ಸಾವಿರದಲ್ಲಿ ಒಂದು ಎನ್ನುತ್ತದೆ ಆ್ಯಪಲ್. ಬಹಳಷ್ಟು ಆಂಡ್ರಾಯ್ಡ್ ಫೋನ್‌ಗಳಲ್ಲಿ ಇರುವುದು ಮುಂದಿನ ಕ್ಯಾಮೆರಾ ನೋಡುವ ಚಪ್ಪಟೆ ಚಿತ್ರ. ಆಂಡ್ರಾಯ್ಡ್ ಇವನ್ನು ಮೂರು ದರ್ಜೆಯಾಗಿ ವಿಂಗಡಿಸಿದೆ. ಸ್ಕ್ರೀನ್ ತೆರೆಯಲು ಸಾಕಾಗುವ ಕೆಳದರ್ಜೆಯ ಗುರುತು ಪಾಸ್‌ಕೀಗಳಿಗೆ ಸಾಲದು. ಅಂಥ ಫೋನ್‌ನಲ್ಲಿ ಬೆರಳೋ ಪಿನ್ನೋ ಕೇಳಿದರೆ ಅದು ದೋಷವಲ್ಲ.

ಸರಿ, ಗೂಗಲ್ ಖಾತೆಗೆ ಪಾಸ್‌ಕೀ ಹಾಕುವುದು ಹೇಗೆ? ಒಂದೊಂದೇ ಹೆಜ್ಜೆ ಹೇಳಿ.

ಮೊದಲು ಇಮೇಲ್, ಆಮೇಲೆ ಉಳಿದದ್ದು. ಬೇರೆಲ್ಲ ಖಾತೆಗಳ ‘ಮರೆತಿದ್ದೇನೆ’ ಕೊಂಡಿ ಬರುವುದು ಇಮೇಲ್‌ಗೇ.

ಬೇಕಾದದ್ದು: ಆಂಡ್ರಾಯ್ಡ್ 9 ಅಥವಾ ಮೇಲಿನದು, ಇಲ್ಲವೇ ಐಓಎಸ್ 16 ಅಥವಾ ಮೇಲಿನದು, ಕಂಪ್ಯೂಟರ್ ಆದರೆ ವಿಂಡೋಸ್ 10 ಅಥವಾ ಮ್ಯಾಕ್ ವೆಂಚುರಾ. ಸ್ಕ್ರೀನ್ ಲಾಕ್ ಇರಲೇಬೇಕು.

1. ಪಾಸ್‌ಕೀಗೆ ಕೈಹಾಕುವ ಮೊದಲೇ ಬ್ಯಾಕಪ್ ಕೋಡ್ (ಫೋನ್ ಕೈಯಲ್ಲಿಲ್ಲದಾಗ ಒಳಬರಲು ಬಳಸುವ ಅಂಕಿಗಳು) ತೆಗೆದುಕೊಳ್ಳಿ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟ, ಅಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್, ಅದರೊಳಗೆ ಬ್ಯಾಕಪ್ ಕೋಡ್ಸ್. 8 ಅಂಕಿಯ 10 ಕೋಡ್ ಕೊಡುತ್ತದೆ, ಒಂದೊಂದೂ ಒಂದೇ ಸಲಕ್ಕೆ. ಕಾಗದದ ಮೇಲೆ ಬರೆದು ಮನೆಪತ್ರ ಇಡುವ ಜಾಗದಲ್ಲಿ ಇಡಿ. ಫೋನ್‌ನಲ್ಲೇ ಫೋಟೋ ತೆಗೆದಿಟ್ಟರೆ ಫೋನಿನ ಜೊತೆಗೇ ಹೋಗುತ್ತದೆ.
2. ರಿಕವರಿ ಫೋನ್ ಸಂಖ್ಯೆ, ರಿಕವರಿ ಇಮೇಲ್ ಈಗಲೂ ನಿಮ್ಮದೇ ಎಂದು ನೋಡಿ. ಕಾಲೇಜು ದಿನಗಳ ಸಂಖ್ಯೆ ಇದ್ದರೆ ಬದಲಿಸಿ.
3. ಅದೇ ಸೆಕ್ಯುರಿಟಿ ಪುಟದಲ್ಲಿ ‘ಪಾಸ್‌ಕೀಸ್ ಆ್ಯಂಡ್ ಸೆಕ್ಯುರಿಟಿ ಕೀಸ್’ ಒತ್ತಿ. ಆಂಡ್ರಾಯ್ಡ್ ಫೋನ್ ಆದರೆ ಗೂಗಲ್ ತಾನಾಗಿ ಮಾಡಿಟ್ಟ ಪಾಸ್‌ಕೀ ಆಗಲೇ ಅಲ್ಲಿ ಕಾಣಬಹುದು.
4. ‘ಕ್ರಿಯೇಟ್ ಎ ಪಾಸ್‌ಕೀ’ ಒತ್ತಿ, ಬೆರಳೋ ಪಿನ್ನೋ ಕೊಡಿ. ಒಂದು ನಿಮಿಷದ ಕೆಲಸ.
5. ಇನ್ನೊಂದು ಸಾಧನದಲ್ಲೂ ಇದನ್ನೇ ಮಾಡಿ. ಮನೆಯ ಲ್ಯಾಪ್‌ಟಾಪ್, ಹಳೆಯ ಟ್ಯಾಬ್, ಯುಎಸ್‌ಬಿ ಭದ್ರತಾ ಕೀಲಿ (ಪಾಸ್‌ಕೀ ಹಿಡಿದಿಡುವ, ಪೆನ್‌ಡ್ರೈವ್‌ನಂಥ ಪುಟ್ಟ ಸಾಧನ), ಯಾವುದಾದರೂ ಸರಿ. ಒಂದೇ ಬೀಗದಕೈ ಇರುವ ಮನೆ ಯಾರಿಗೂ ಬೇಡ.
6. ಬ್ರೌಸರ್‌ನ ಖಾಸಗಿ ಕಿಟಕಿ ತೆರೆದು ಲಾಗಿನ್ ಮಾಡಿ ನೋಡಿ. ಪರೀಕ್ಷಿಸದ ಕೀಲಿಯನ್ನು ನಂಬಬೇಡಿ.

‘ಸ್ಕಿಪ್ ಪಾಸ್‌ವರ್ಡ್ ವೆನ್ ಪಾಸಿಬಲ್’ ಎಂಬ ಗುಂಡಿ ಆನ್ ಇದ್ದರೆ ಮುಂದಿನ ಸಲ ಗೂಗಲ್ ನೇರ ಪಾಸ್‌ಕೀಯನ್ನೇ ಕೇಳುತ್ತದೆ.

ವಾಟ್ಸಾಪ್, ಮೈಕ್ರೋಸಾಫ್ಟ್‌ನಲ್ಲಿ?

ವಾಟ್ಸಾಪ್: ಸೆಟ್ಟಿಂಗ್ಸ್, ಅಕೌಂಟ್, ಪಾಸ್‌ಕೀಸ್. ಹೊಸ ಫೋನಿಗೆ ಖಾತೆ ಹಾಕುವಾಗ ಎಸ್‌ಎಂಎಸ್ ಕೋಡ್ ಬದಲಿಗೆ ಇದು ಕೆಲಸಕ್ಕೆ ಬರುತ್ತದೆ. ಅಲ್ಲೇ ಇರುವ ಟೂ-ಸ್ಟೆಪ್ ವೆರಿಫಿಕೇಶನ್‌ನ 6 ಅಂಕಿಯ ಪಿನ್ನನ್ನೂ ಹಾಕಿ. ವಾಟ್ಸಾಪ್ ಕದಿಯುವವರು ಕೇಳುವುದು ಎಸ್‌ಎಂಎಸ್ ಕೋಡ್. ಈ ಪಿನ್ ಇದ್ದರೆ ಕೋಡ್ ಒಂದೇ ಸಾಲುವುದಿಲ್ಲ.

ಮೈಕ್ರೋಸಾಫ್ಟ್ ಖಾತೆಯಲ್ಲಿ 2021ರ ಸೆಪ್ಟೆಂಬರ್‌ನಿಂದ ಪಾಸ್‌ವರ್ಡನ್ನು ಪೂರ್ತಿ ತೆಗೆದುಹಾಕಲು ಸಾಧ್ಯ. 2025ರ ಮೇ ತಿಂಗಳಿಂದ ಹೊಸ ಖಾತೆಗಳು ಪಾಸ್‌ವರ್ಡ್ ಇಲ್ಲದೆಯೇ ಶುರುವಾಗುತ್ತವೆ. ತೆಗೆಯುವ ಮೊದಲು ಎಕ್ಸ್‌ಬಾಕ್ಸ್ 360, ಆಫೀಸ್ 2010ರಂಥ ಹಳೆಯವನ್ನು ಬಳಸುತ್ತೀರಾ ನೋಡಿಕೊಳ್ಳಿ, ಅವಕ್ಕೆ ಪಾಸ್‌ವರ್ಡ್ ಬೇಕು. ವಿಂಡೋಸ್ 11ರಲ್ಲಿ ಉಳಿಸಿದ ಪಾಸ್‌ಕೀಗಳ ಪಟ್ಟಿ ಸೆಟ್ಟಿಂಗ್ಸ್, ಅಕೌಂಟ್ಸ್, ಪಾಸ್‌ಕೀಸ್ ಎಂಬಲ್ಲಿದೆ.

ಸೈಬರ್ ಸೆಂಟರ್‌ನ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆಯಬೇಕು. ಪಾಸ್‌ಕೀ ನನ್ನ ಫೋನ್‌ನಲ್ಲಿದೆಯಲ್ಲ?

ಲಾಗಿನ್ ಪುಟದಲ್ಲಿ ‘ಬೇರೆ ಸಾಧನ ಬಳಸಿ’ ಎಂಬ ಆಯ್ಕೆ ಒತ್ತಿದರೆ ಕ್ಯೂಆರ್ ಕೋಡ್ ಬರುತ್ತದೆ. ಫೋನಿನ ಕ್ಯಾಮೆರಾದಿಂದ ಅದನ್ನು ಓದಿಸಿ, ಫೋನ್ ಮೇಲೆ ಬೆರಳಿಟ್ಟರೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗುತ್ತದೆ. ಬೀಗದಕೈ ಆ ಕಂಪ್ಯೂಟರ್‌ಗೆ ಹೋಗುವುದಿಲ್ಲ.

ಕೈಕೊಡುವುದು ಸಾಮಾನ್ಯವಾಗಿ ಬ್ಲೂಟೂತ್. ಎರಡೂ ಸಾಧನಗಳಲ್ಲಿ ಬ್ಲೂಟೂತ್ ಆನ್ ಇರಬೇಕು, ಎರಡಕ್ಕೂ ಇಂಟರ್ನೆಟ್ ಇರಬೇಕು. ಜೋಡಿ ಮಾಡುವ ಅಗತ್ಯ ಮಾತ್ರ ಇಲ್ಲ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಬ್ಲೂಟೂತ್ ಇರುವುದೇ ಇಲ್ಲ, ಅಲ್ಲಿ ಈ ದಾರಿ ಮುಚ್ಚಿದಂತೆ. ಇಷ್ಟು ಹಟ ಏಕೆಂದರೆ, ಫೋನ್ ಮತ್ತು ಕಂಪ್ಯೂಟರ್ ಒಂದೇ ಕೋಣೆಯಲ್ಲಿವೆ ಎಂಬುದಕ್ಕೆ ಬ್ಲೂಟೂತ್ ಸಾಕ್ಷಿ. ಇಲ್ಲದಿದ್ದರೆ ದೂರದ ಕಳ್ಳ ತನ್ನ ಪರದೆಯ ಕ್ಯೂಆರ್ ಕೋಡನ್ನು ನಿಮಗೆ ವಾಟ್ಸಾಪ್ ಮಾಡಿ ಓದಿಸಿಕೊಳ್ಳುತ್ತಿದ್ದ. ಯಾರೋ ಕಳಿಸಿದ ಲಾಗಿನ್ ಕ್ಯೂಆರ್ ಕೋಡನ್ನು ಎಂದೂ ಓದಿಸಬೇಡಿ.

ಇನ್ನೊಂದು ಎಚ್ಚರ: ಲಾಗಿನ್ ಆದ ಮೇಲೆ ‘ಈ ಕಂಪ್ಯೂಟರ್‌ನಲ್ಲಿ ಪಾಸ್‌ಕೀ ಮಾಡಲೇ?’ ಎಂದು ಕೇಳಿದರೆ ಬೇಡ ಅನ್ನಿ. ಆ ಕಂಪ್ಯೂಟರ್‌ನ ಪಿನ್ ಗೊತ್ತಿರುವ ಎಲ್ಲರಿಗೂ ನಿಮ್ಮ ಖಾತೆ ತೆರೆದಂತಾಗುತ್ತದೆ. ಗೊತ್ತಿಲ್ಲದೆ ಮಾಡಿಬಿಟ್ಟಿದ್ದರೆ ಖಾತೆಯ ಪಾಸ್‌ಕೀ ಪಟ್ಟಿಗೆ ಹೋಗಿ ಅದನ್ನು ಅಳಿಸಿ. ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡುವುದಂತೂ ಎಂದಿನಂತೆ ನಿಮ್ಮ ಹೊಣೆ.

ಹೊಸ ಫೋನ್ ಕೊಂಡರೆ ಪಾಸ್‌ಕೀಗಳ ಗತಿ?

ಅವನ್ನು ಎಲ್ಲಿ ಇಟ್ಟಿದ್ದೀರಿ ಎನ್ನುವುದರ ಮೇಲೆ ಹೋಗುತ್ತದೆ. ಆಂಡ್ರಾಯ್ಡ್‌ನಲ್ಲಿ ಗೂಗಲ್ ಪಾಸ್‌ವರ್ಡ್ ಮ್ಯಾನೇಜರ್, ಆ್ಯಪಲ್‌ನಲ್ಲಿ ಐಕ್ಲೌಡ್ ಕೀಚೈನ್ (ಪಾಸ್‌ವರ್ಡ್, ಪಾಸ್‌ಕೀಗಳನ್ನು ಕೂಡಿಡುವ ಸೇವೆಗಳು) ಅವನ್ನು ಗೂಢಲಿಪಿಯಲ್ಲಿ ಹೊಸ ಫೋನಿಗೆ ತರುತ್ತವೆ. ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ಹೊಸ ಆಂಡ್ರಾಯ್ಡ್ ಫೋನ್ ನಿಮ್ಮ ಹಳೆಯ ಫೋನಿನ ಸ್ಕ್ರೀನ್ ಲಾಕ್ ಅಥವಾ ಪಾಸ್‌ವರ್ಡ್ ಮ್ಯಾನೇಜರ್ ಪಿನ್ ಕೇಳುತ್ತದೆ. ಕೆಲವೇ ಸಲ ತಪ್ಪಲು ಬಿಡುತ್ತದೆ. ವರ್ಷಗಟ್ಟಲೆ ಬೆರಳಲ್ಲೇ ತೆರೆದವರಿಗೆ ಪಿನ್ ನೆನಪೇ ಇರುವುದಿಲ್ಲ. ಹಳೆಯ ಫೋನ್ ಕೊಡುವ ಅಥವಾ ಮಾರುವ ಮುನ್ನ ಆ ಪಿನ್ ಬರೆದಿಟ್ಟುಕೊಳ್ಳಿ. ಹೊಸದರಲ್ಲಿ ಲಾಗಿನ್ ಆಗುವವರೆಗೆ ಹಳೆಯದನ್ನು ಅಳಿಸಬೇಡಿ.

ಆಂಡ್ರಾಯ್ಡ್ ಬಿಟ್ಟು ಐಫೋನ್‌ಗೆ ಹೋಗುವವರು ಪಾಸ್‌ಕೀ ತಾನಾಗಿ ಬರುತ್ತದೆಂದು ಕಾಯಬೇಡಿ. ಎರಡೂ ಫೋನ್ ಕೈಯಲ್ಲಿರುವಾಗಲೇ ಪ್ರತಿ ಖಾತೆಗೂ ಹೊಸ ಫೋನ್‌ನಲ್ಲಿ ಹೊಸದಾಗಿ ಒಂದು ಮಾಡಿಕೊಳ್ಳುವುದು ಖಚಿತವಾದ ದಾರಿ.

ಯುಎಸ್‌ಬಿ ಭದ್ರತಾ ಕೀಲಿ ಯಾರಿಗೆ ಬೇಕು?

ಪತ್ರಕರ್ತರು, ವಕೀಲರು, ಹೋರಾಟಗಾರರು, ಕಂಪನಿಯ ಸರ್ವರ್ ನೋಡಿಕೊಳ್ಳುವವರು, ದೊಡ್ಡ ಯೂಟ್ಯೂಬ್ ಚಾನೆಲ್ ಇರುವವರು ಕೊಳ್ಳಲೇಬೇಕು. ಉಳಿದವರಿಗೆ ಅದು ಎರಡನೆಯ ಬೀಗದಕೈಯಾಗಿ ಒಳ್ಳೆಯದು, ಕಡ್ಡಾಯವಲ್ಲ. ಯುಬಿಕೀ, ಗೂಗಲ್ ಟೈಟನ್ ಹೆಚ್ಚು ಪರಿಚಿತ ಹೆಸರುಗಳು. ಬೆಲೆ ಕೆಲವು ಸಾವಿರ ರೂಪಾಯಿ. ಫೋನಿಗೂ ತಾಗಿಸಿ ಬಳಸಲು ಎನ್‌ಎಫ್‌ಸಿ ಇರುವುದನ್ನೇ ಕೊಳ್ಳಿ. ನಿಮ್ಮ ಫೋನ್‌ನಲ್ಲಿ ಎನ್‌ಎಫ್‌ಸಿ ಇಲ್ಲದಿದ್ದರೆ ಸಿ-ಮಾದರಿಯ ತುದಿ ಇರುವುದು.

ಯಾವಾಗಲೂ ಎರಡು ಕೊಳ್ಳಿ. ಆ್ಯಪಲ್ ಖಾತೆಗೆ ಭದ್ರತಾ ಕೀಲಿ ಹಾಕಲು ಕನಿಷ್ಠ ಎರಡು ಇರಲೇಬೇಕು, ಒಂದೇ ಇದ್ದರೆ ಬಿಡುವುದಿಲ್ಲ. ಆ ನಿಯಮ ಮಾಡಿದವರಿಗೆ ಅನುಭವವಿದೆ. ಒಂದು ಬೀಗದಕೈ ಗೊಂಚಲಿನಲ್ಲಿ, ಇನ್ನೊಂದು ಬೀರುವಿನಲ್ಲಿ.

ಕೊಳ್ಳುವಾಗ ತಿಳಿದಿರಬೇಕಾದ ಅಂಕಿಗಳು: 5.7ಕ್ಕಿಂತ ಹಳೆಯ ಫರ್ಮ್‌ವೇರ್ (ಕೀಲಿಯ ಒಳಗಿನ ತಂತ್ರಾಂಶ) ಇರುವ ಯುಬಿಕೀ 5ರಲ್ಲಿ 25 ಪಾಸ್‌ಕೀ ಹಿಡಿಸುತ್ತವೆ, 5.7ರಿಂದ 100. ಫರ್ಮ್‌ವೇರನ್ನು ಆಮೇಲೆ ಬದಲಿಸಲಾಗದು, ಹಾಗಾಗಿ ಹಳೆಯ ದಾಸ್ತಾನು ಕೊಳ್ಳಬೇಡಿ. ಯುಬಿಕೀಯ ಪಿನ್ 8 ಸಲ ಸತತವಾಗಿ ತಪ್ಪಿದರೆ ಅದು ಬೀಗ ಹಾಕಿಕೊಳ್ಳುತ್ತದೆ; ರೀಸೆಟ್ ಮಾಡಿದರೆ ಒಳಗಿನ ಪಾಸ್‌ಕೀಗಳೆಲ್ಲ ಅಳಿಯುತ್ತವೆ. ಮೂರು ಸಲ ತಪ್ಪಿದಾಗ ಒಮ್ಮೆ ಕಿತ್ತು ಮತ್ತೆ ಚುಚ್ಚಲು ಹೇಳುತ್ತದೆ. ಅದೇ ಎಚ್ಚರಿಕೆ ಎಂದು ತಿಳಿದು ಅಲ್ಲಿಗೆ ನಿಲ್ಲಿಸಿ ಯೋಚಿಸಿ.

ಇದು ಎಷ್ಟು ಕೆಲಸ ಮಾಡುತ್ತದೆ ಎಂಬುದಕ್ಕೆ 2022ರ ಜುಲೈನ ಘಟನೆ ನೋಡಿ. ಕ್ಲೌಡ್‌ಫ್ಲೇರ್ ಕಂಪನಿಯ ಕನಿಷ್ಠ 76 ನೌಕರರಿಗೆ ಒಂದೇ ನಿಮಿಷದೊಳಗೆ ನಕಲಿ ಲಾಗಿನ್ ಕೊಂಡಿಯ ಎಸ್‌ಎಂಎಸ್ ಬಂತು. ಆ ನಕಲಿ ವಿಳಾಸ ನೋಂದಣಿಯಾಗಿ 40 ನಿಮಿಷವೂ ಆಗಿರಲಿಲ್ಲ. ಮೂವರು ನಂಬಿ ಪಾಸ್‌ವರ್ಡ್ ಕೊಟ್ಟರು. ಆದರೂ ಕಳ್ಳರು ಒಳಬರಲಿಲ್ಲ, ಏಕೆಂದರೆ ಅಲ್ಲಿ ಪ್ರತಿ ನೌಕರರಿಗೂ ಭದ್ರತಾ ಕೀಲಿ ಕಡ್ಡಾಯ. ಅದೇ ಅವಧಿಯಲ್ಲಿ ಅಂಥದೇ ದಾಳಿಗೆ ಟ್ವಿಲಿಯೊ ಕಂಪನಿ ಸಿಕ್ಕಿ, ಅದರ ಗ್ರಾಹಕರ ಮಾಹಿತಿ ಹೊರಗೆ ಹೋಯಿತು.

ಎಸ್‌ಎಂಎಸ್ ಓಟಿಪಿ ಕೆಟ್ಟದ್ದೇ?

ಬರೀ ಪಾಸ್‌ವರ್ಡ್‌ಗಿಂತ ಖಂಡಿತ ಮೇಲು. ಆದರೆ ಅದರ ಭದ್ರತೆ ನಿಮ್ಮ ಕೈಯಲ್ಲಿಲ್ಲ, ಸಿಮ್ ಕಂಪನಿಯ ಕೌಂಟರ್‌ನಲ್ಲಿದೆ. ನಿಮ್ಮ ಹೆಸರಿನಲ್ಲಿ ನಕಲಿ ಸಿಮ್ ಪಡೆದವನಿಗೆ ನಿಮ್ಮ ಓಟಿಪಿ ಎಲ್ಲ ಹೋಗುತ್ತದೆ. ಈ ಮೋಸ ತಡೆಯಲೆಂದೇ ಸಿಮ್ ಬದಲಾದ ಮೊದಲ 24 ಗಂಟೆ ಎಸ್‌ಎಂಎಸ್ ನಿಲ್ಲಿಸುವ ಪದ್ಧತಿ ಬಂದಿದೆ. 2024ರ ಜುಲೈ 1ರಿಂದ, ಸಿಮ್ ಬದಲಾಗಿ 7 ದಿನವಾಗದೆ ಬೇರೆ ಕಂಪನಿಗೆ ಪೋರ್ಟ್ ಆಗುವಂತಿಲ್ಲ. ಫೋನಿನ ಸಿಗ್ನಲ್ ಕಾರಣವಿಲ್ಲದೆ ಗಂಟೆಗಟ್ಟಲೆ ಹೋದರೆ ಬೇರೆ ಫೋನಿನಿಂದ ಕಂಪನಿಗೆ ಕರೆಮಾಡಿ ಕೇಳಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು, ನಿಮ್ಮದಲ್ಲದ್ದನ್ನು ಅಲ್ಲೇ ವರದಿ ಮಾಡಬಹುದು.

ದುಬೈ, ಮಸ್ಕತ್, ನ್ಯೂಜೆರ್ಸಿಯಲ್ಲಿರುವ ಕನ್ನಡಿಗರಿಗೆ ಇದು ಇನ್ನೂ ಕಷ್ಟ. ಊರಿನ ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ಸಂಪರ್ಕ ಕಡಿದುಹೋಗಬಹುದು. ಆಮೇಲೆ ಆ ಸಂಖ್ಯೆ ಇನ್ನೊಬ್ಬರಿಗೆ ಹೋಗುತ್ತದೆ, ಜೊತೆಗೆ ನಿಮ್ಮ ಓಟಿಪಿಗಳೂ. ವಿದೇಶಕ್ಕೆ ಹೊರಡುವ ಮುನ್ನ ಇಮೇಲ್‌ಗೆ ಪಾಸ್‌ಕೀ ಮಾಡಿಕೊಳ್ಳಿ, ಬ್ಯಾಂಕಿಗೆ ಬೇಕಾದ ಸಿಮ್‌ಗೆ ರೀಚಾರ್ಜ್ ನೆನಪು ಹಾಕಿಕೊಳ್ಳಿ.

30 ಸೆಕೆಂಡಿಗೊಮ್ಮೆ ಬದಲಾಗುವ ಅಥೆಂಟಿಕೇಟರ್ ಆ್ಯಪ್ ಕೋಡ್ ಹೇಗೆ?

ಪಾಸ್‌ಕೀ ಇಲ್ಲದ ಜಾಲತಾಣಗಳಿಗೆ ಅದೇ ಸರಿ. ಸಿಮ್ ಬೇಡ, ನೆಟ್‌ವರ್ಕ್ ಬೇಡ. ಫೋನಿನ ಗಡಿಯಾರ ಮತ್ತು ಮೊದಲ ದಿನ ಓದಿಸಿದ ಕ್ಯೂಆರ್ ಕೋಡ್‌ನಲ್ಲಿದ್ದ ಗುಟ್ಟು, ಈ ಎರಡರ ಲೆಕ್ಕದಿಂದ 6 ಅಂಕಿ ಹುಟ್ಟುತ್ತವೆ. ‘ಕೋಡ್ ತಪ್ಪು’ ಎಂದು ಮತ್ತೆ ಮತ್ತೆ ಬಂದರೆ ಬಹುಮಟ್ಟಿಗೆ ಗಡಿಯಾರ ಹಿಂದೆಮುಂದೆ ಆಗಿರುತ್ತದೆ. ಸಮಯವನ್ನು ಆಟೊಮ್ಯಾಟಿಕ್‌ಗೆ ಹಾಕಿ. ಮೊದಲ ಕ್ಯೂಆರ್ ಕೋಡ್‌ನ ಸ್ಕ್ರೀನ್‌ಶಾಟ್ ಗ್ಯಾಲರಿಯಲ್ಲಿ ಬಿಡಬೇಡಿ, ಅದು ಸಿಕ್ಕವರಿಗೆ ನಿಮ್ಮ ಕೋಡ್‌ಗಳು ಕೊನೆಯವರೆಗೂ ಸಿಗುತ್ತವೆ. ಅದರ ಮಿತಿಯನ್ನೂ ತಿಳಿದಿರಿ: ನಕಲಿ ಪುಟದಲ್ಲಿ ನೀವು ಹೊಡೆದ ಕೋಡನ್ನು ಕಳ್ಳ ಆ ಅರ್ಧ ನಿಮಿಷದಲ್ಲೇ ಅಸಲಿ ಪುಟದಲ್ಲಿ ಹೊಡೆಯಬಲ್ಲ.

ಫೋನ್‌ಗೆ ‘ನೀವೇನಾ? ಹೌದು / ಇಲ್ಲ’ ಎಂದು ಬರುತ್ತಿರುತ್ತದೆ. ಒತ್ತಬಹುದೇ?

ಆಗಷ್ಟೇ ನೀವೇ ಲಾಗಿನ್ ಮಾಡುತ್ತಿದ್ದರೆ ಮಾತ್ರ. ಸುಮ್ಮನಿದ್ದಾಗ ಬಂದರೆ ‘ಇಲ್ಲ’ ಒತ್ತಿ, ಪಾಸ್‌ವರ್ಡ್ ಬದಲಿಸಿ, ಏಕೆಂದರೆ ಯಾರಿಗೋ ಅದು ಸಿಕ್ಕಿರಬಹುದು. 2022ರ ಸೆಪ್ಟೆಂಬರ್‌ನಲ್ಲಿ ಊಬರ್ ಕಂಪನಿಯೊಳಗೆ ದಾಳಿಕೋರ ನುಗ್ಗಿದ್ದು ಹೀಗೇ: ಮತ್ತೆ ಮತ್ತೆ ಕೋರಿಕೆ ಬಂದು, ಕೊನೆಗೊಮ್ಮೆ ಒಪ್ಪಿಗೆ ಸಿಕ್ಕಿತು.

ಪಾಸ್‌ಕೀ ಹಾಕಿದೆ. ಇನ್ನು ಹಳೆಯ ಪಾಸ್‌ವರ್ಡ್ ಸತ್ತಂತೆ ಅಲ್ಲವೇ?

ಹೆಚ್ಚಿನ ಜಾಲತಾಣಗಳಲ್ಲಿ ಅಲ್ಲ, ಮತ್ತು ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ಪಾಸ್‌ಕೀ ಹೊಸ ಬಾಗಿಲು. ಹಳೆಯ ಬಾಗಿಲನ್ನು ಅದು ಮುಚ್ಚುವುದಿಲ್ಲ. ‘ಬೇರೆ ವಿಧಾನ ಪ್ರಯತ್ನಿಸಿ’ ಎಂದು ಒತ್ತಿದವನಿಗೆ ಪಾಸ್‌ವರ್ಡ್, ಎಸ್‌ಎಂಎಸ್, ರಿಕವರಿ ಇಮೇಲ್ ಎಲ್ಲ ಸಾಲಾಗಿ ಕಾಣಿಸುತ್ತವೆ. ಕಳ್ಳ ಬರುವುದು ಆ ಸಾಲಿನಲ್ಲಿ ಅತ್ಯಂತ ಬಡಕಲಾದ ದಾರಿಯಲ್ಲಿ.

ಆದ್ದರಿಂದ ಪ್ರತಿ ಮುಖ್ಯ ಖಾತೆಗೂ ಕಾಗದದ ಮೇಲೆ ಪಟ್ಟಿ ಮಾಡಿ: ಇದಕ್ಕೆ ಒಳಬರುವ ದಾರಿಗಳು ಎಷ್ಟು? ಪಾಸ್‌ವರ್ಡ್ ತೆಗೆಯಲು ಬಿಡುವ ಕಡೆ ಎರಡು ಪಾಸ್‌ಕೀ ಪರೀಕ್ಷಿಸಿದ ಮೇಲೆ ತೆಗೆಯಿರಿ. ತೆಗೆಯಲು ಬಿಡದ ಕಡೆ ಅದನ್ನು 20 ಅಕ್ಷರದ ಅರ್ಥವಿಲ್ಲದ ಸರಮಾಲೆಯಾಗಿ ಬದಲಿಸಿ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇಟ್ಟುಬಿಡಿ. ರಿಕವರಿ ಇಮೇಲ್‌ಗೂ ಪಾಸ್‌ಕೀ ಹಾಕಿ. ಅದು ಹತ್ತು ವರ್ಷದ ಹಿಂದೆ ಮಾಡಿ ಮರೆತ ಖಾತೆಯಾಗಿದ್ದರೆ ನಿಮ್ಮ ಮುಂಬಾಗಿಲಿನ ಗಟ್ಟಿತನ ಹಿತ್ತಲಲ್ಲಿ ಕರಗಿಹೋಗುತ್ತದೆ.

ಬ್ಯಾಂಕು, ಯುಪಿಐ?

ಅಲ್ಲಿ ನಿಯಮ ಭಾರತೀಯ ರಿಸರ್ವ್ ಬ್ಯಾಂಕಿನದು. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ 2026ರ ಏಪ್ರಿಲ್ 1ರಿಂದ ಡಿಜಿಟಲ್ ಪಾವತಿಗೆ ಎರಡು ಪುರಾವೆ ಬೇಕು. ಎರಡನೆಯದು ಎಸ್‌ಎಂಎಸ್ ಓಟಿಪಿಯೇ ಆಗಬೇಕಿಲ್ಲ, ಬೇರೆ ವಿಧಾನಗಳನ್ನೂ ಬಳಸಬಹುದು. ಓಟಿಪಿ ನಿಷೇಧವೂ ಆಗಿಲ್ಲ. ಯುಪಿಐನಲ್ಲಿ ಸಿಮ್ ಇರುವ ಫೋನ್ ಒಂದು ಪುರಾವೆ, 4 ಅಥವಾ 6 ಅಂಕಿಯ ಪಿನ್ ಇನ್ನೊಂದು. ಹಣ ಪಡೆಯಲು ಆ ಪಿನ್ ಎಂದೂ ಬೇಡ. ಯುಪಿಐ ಪಿನ್ನೂ ಫೋನ್ ಪಿನ್ನೂ ಒಂದೇ ಇಡಬೇಡಿ.

ಪಾಸ್‌ಕೀ ಯಾವುದರಿಂದ ಕಾಪಾಡುವುದಿಲ್ಲ?

ಬಾಗಿಲ ಒಳಗೆ ಆಗುವುದರಿಂದ. ಲಾಗಿನ್ ಆದ ಮೇಲೆ ಬ್ರೌಸರ್‌ನಲ್ಲಿ ಕುಕಿ ಎಂಬ ಗುರುತು ಉಳಿಯುತ್ತದೆ. ಕದ್ದ ಸಾಫ್ಟ್‌ವೇರ್, ‘ಕ್ರ್ಯಾಕ್’ ಫೈಲುಗಳ ಜೊತೆ ಬರುವ ಕುತಂತ್ರಾಂಶ ಅದನ್ನೇ ಹೊತ್ತೊಯ್ದರೆ ಕಳ್ಳನಿಗೆ ಲಾಗಿನ್ ಬೇಕಾಗಿಯೇ ಇಲ್ಲ. ಪೊಲೀಸ್ ವೇಷದಲ್ಲಿ ವಿಡಿಯೊ ಕರೆ ಮಾಡಿ ಹೆದರಿಸಿ, ನಿಮ್ಮ ಕೈಯಿಂದಲೇ ಹಣ ಹಾಕಿಸಿಕೊಳ್ಳುವವರನ್ನೂ ಪಾಸ್‌ಕೀ ತಡೆಯದು. ಪರದೆ ಹಂಚುವ ಆ್ಯಪ್ ಹಾಕಿಸಿ ‘ಈಗ ಬೆರಳಿಡಿ’ ಎನ್ನುವವರನ್ನೂ.

ನಿದ್ದೆಯಲ್ಲಿ ಬೆರಳು ಹಿಡಿದು ಒತ್ತಿಸುವ ಭಯ ಇದ್ದರೆ: ಐಫೋನ್‌ನಲ್ಲಿ ಪಕ್ಕದ ಗುಂಡಿ ಮತ್ತು ಒಂದು ವಾಲ್ಯೂಮ್ ಗುಂಡಿಯನ್ನು ಒಟ್ಟಿಗೆ ಎರಡು ಸೆಕೆಂಡ್ ಒತ್ತಿ ಹಿಡಿಯಿರಿ, ಆಂಡ್ರಾಯ್ಡ್‌ನಲ್ಲಿ ಪವರ್ ಮೆನುವಿನ ‘ಲಾಕ್‌ಡೌನ್’ ಒತ್ತಿ. ಮುಂದಿನ ಸಲ ಪಿನ್ ಕೊಡದೆ ತೆರೆಯದು.

ಪಾಸ್‌ವರ್ಡೇ ಬೇಕೇಬೇಕು ಎನ್ನುವ ಕಡೆ?

ಪಾಸ್‌ವರ್ಡ್ ಮ್ಯಾನೇಜರ್ ಬಳಸಿ, ಅದನ್ನು ತೆರೆಯಲು ಒಂದೇ ಉದ್ದನೆಯ ಪದಮಾಲೆ ನೆನಪಿಡಿ. ಸಂಬಂಧವಿಲ್ಲದ ಐದಾರು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಕು. ಪುಸ್ತಕವನ್ನು ಕಣ್ಣು ಮುಚ್ಚಿ ತೆರೆದು ಬೆರಳಿಟ್ಟ ಪದ ಆರಿಸಿ. ನೀವೇ ಯೋಚಿಸಿ ಆರಿಸಿದರೆ ಮಕ್ಕಳ ಹೆಸರು, ಮನೆದೇವರ ಹೆಸರೇ ಬರುತ್ತದೆ. ವಚನದ ಸಾಲು, ಹಾಡಿನ ಸಾಲು, ಗಾದೆ ಬೇಡ.

ನಾನು ಇಲ್ಲವಾದರೆ ಮನೆಯವರು ಹೇಗೆ ತೆರೆಯುತ್ತಾರೆ?

ಗೂಗಲ್‌ನಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಇದೆ. 3ರಿಂದ 18 ತಿಂಗಳ ನಡುವೆ ಅವಧಿ ಗೊತ್ತುಮಾಡಿ; ಅಷ್ಟು ಕಾಲ ಖಾತೆ ಮುಟ್ಟದಿದ್ದರೆ ನೀವು ಹೆಸರಿಸಿದವರಿಗೆ ಮಾಹಿತಿ ಹೋಗುತ್ತದೆ. ಆ್ಯಪಲ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್.

ಫೋನ್ ಕಳೆದೇ ಹೋಯಿತು. ಈಗ?

ಈ ಕ್ರಮದಲ್ಲಿ ಮಾಡಿ. ಮನೆಯವರ ಫೋನಿನಿಂದ ಸಿಮ್ ಕಂಪನಿಗೆ ಕರೆಮಾಡಿ ಸಿಮ್ ನಿಲ್ಲಿಸಿ. ಬ್ಯಾಂಕಿಗೆ ಕರೆಮಾಡಿ ಯುಪಿಐ ನಿಲ್ಲಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆಮಾಡಿ, ದಾಖಲೆಗಳನ್ನು ಹುಡುಕುತ್ತ ಕೂರಬೇಡಿ.

ಆಮೇಲೆ ಎರಡನೆಯ ಸಾಧನದಿಂದ, ಅಥವಾ ಪಾಸ್‌ವರ್ಡ್ ಜೊತೆ ಬೀರುವಿನ ಕಾಗದದ ಒಂದು ಬ್ಯಾಕಪ್ ಕೋಡ್ ಬಳಸಿ, ಗೂಗಲ್ ಖಾತೆಗೆ ಹೋಗಿ. ಫೋನನ್ನು ದೂರದಿಂದಲೇ ಲಾಕ್ ಮಾಡಿ, ‘ಯುವರ್ ಡಿವೈಸಸ್’ ಪಟ್ಟಿಯಲ್ಲಿ ಅದನ್ನು ಸೈನ್ ಔಟ್ ಮಾಡಿ. ಕಳ್ಳನ ಕೈಯಲ್ಲಿ ಫೋನ್ ಇದ್ದರೂ ಸ್ಕ್ರೀನ್ ಲಾಕ್ ಗೊತ್ತಿಲ್ಲದೆ ಪಾಸ್‌ಕೀ ಬಳಸಲಾರ, ಆದ್ದರಿಂದ ಗಾಬರಿಯಾಗಿ ಇದ್ದಬದ್ದ ಪಾಸ್‌ಕೀಗಳನ್ನೆಲ್ಲ ಅಳಿಸಬೇಡಿ; ನೀವೇ ಹೊರಗೆ ಉಳಿದೀರಿ.

ಕರ್ನಾಟಕದಲ್ಲಾದರೆ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ದೂರು ದಾಖಲಿಸಿ. ಅದರ ಪ್ರತಿ ಮತ್ತು ಡಬ್ಬದ ಮೇಲಿರುವ ಐಎಂಇಐ ಸಂಖ್ಯೆಯೊಂದಿಗೆ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಸಂಚಾರ್ ಸಾಥಿಯ ಸಿಇಐಆರ್ ವಿಭಾಗದಲ್ಲಿ ಫೋನನ್ನೇ ಎಲ್ಲ ನೆಟ್‌ವರ್ಕ್‌ಗಳಲ್ಲೂ ನಿರ್ಬಂಧಿಸಬಹುದು. ಡಬ್ಬ ಎಸೆದಿದ್ದರೆ ಇವತ್ತೇ, ಫೋನ್ ಕೈಯಲ್ಲಿರುವಾಗಲೇ, *#06# ಒತ್ತಿ ಬರುವ ಸಂಖ್ಯೆಯನ್ನು ಬ್ಯಾಕಪ್ ಕೋಡ್ ಇರುವ ಅದೇ ಕಾಗದದ ಮೇಲೆ ಬರೆದಿಡಿ. ನಕಲು ಸಿಮ್ ಬಂದ ಮೇಲೂ ಮೊದಲ 24 ಗಂಟೆ ಓಟಿಪಿ ಬಾರದೇ ಇರಬಹುದು. ಆ ಒಂದು ದಿನ ನಿಮ್ಮನ್ನು ನಡೆಸುವುದು ಆ ಕಾಗದವೇ.